ಬಂದೂಕಿನ ಹಕ್ಕಿಗೆ ಮಿತಿ: ಕಾರಣ ಕೊಡಬೇಕಾದವರು ಯಾರು?

ಪ್ರಶ್ನೆ: ನಾನು ಕಾನೂನು ಓದುತ್ತಿರುವ ವಿದ್ಯಾರ್ಥಿನಿ. ಅಮೆರಿಕದ ಬಂದೂಕಿನ ಹಕ್ಕಿನ ಬಗ್ಗೆ ನಮ್ಮಲ್ಲಿ ಒಂದು ಚರ್ಚಾ ಸ್ಪರ್ಧೆ ನಡೆಯಿತು. ಮಿತಿ ಬೇಕೇ ಬೇಕು ಎಂದು ನಾನು ವಾದಿಸಿದೆ. ಎದುರಿನ ತಂಡದವರು, "ಅನುಮತಿ ಕೇಳಿ ಪಡೆಯುವಂಥದ್ದು ಹಕ್ಕಲ್ಲ, ಸವಲತ್ತು. ಇವತ್ತು ಬಂದೂಕಿಗೆ ಮಿತಿ ಹಾಕಿದವರು ನಾಳೆ ಮಾತಿಗೂ ಹಾಕುತ್ತಾರೆ" ಎಂದರು. "ಸಮಂಜಸ ಮಿತಿ ಅಂತೀರಲ್ಲ, ಯಾರ ಪ್ರಕಾರ ಸಮಂಜಸ?" ಎಂದೂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ಸರಿಯೇ?

ಉತ್ತರ: ಅರ್ಧ ಸರಿ. ಆ ಅರ್ಧವನ್ನು ನೀವು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಮುಂದೆ ಹೋದರೆ ನಿಮ್ಮ ವಾದ ನಿಲ್ಲುವುದಿಲ್ಲ. ಅಧಿಕಾರಿಯೊಬ್ಬರ ಮರ್ಜಿಗೆ ಬಿಟ್ಟದ್ದು ಹಕ್ಕಲ್ಲ ಎಂಬ ಮಾತು ನಿಜ. ಆದರೆ ನಿಯಮಕ್ಕೆ ಒಳಪಟ್ಟದ್ದು ಹಕ್ಕಲ್ಲ ಎಂಬ ಮಾತು ನಿಜವಲ್ಲ. ಎದುರಿನ ತಂಡ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತು. ನೀವು ಎರಡನ್ನೂ ಒಟ್ಟಿಗೇ ಎದುರಿಸಲು ಹೋದಿರಿ ಅಂತ ಕಾಣುತ್ತದೆ. ಬಿಡಿಸಿ ನೋಡೋಣ.

ಮೊದಲು ಆ ಹಕ್ಕಿನ ಮಾತುಗಳನ್ನೇ ನೋಡಿ. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರದ್ದು. ಇಂಗ್ಲಿಷಿನಲ್ಲಿ ಅದು ಬರೀ 27 ಪದ. ಸ್ವತಂತ್ರ ರಾಜ್ಯದ ಭದ್ರತೆಗೆ ಸುವ್ಯವಸ್ಥಿತವಾದ ನಾಗರಿಕ ಪಡೆ ಅಗತ್ಯವಾದ್ದರಿಂದ, ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿಗೆ ಭಂಗ ತರಬಾರದು ಎನ್ನುವುದು ಅದರ ಸಾರ. ಮೊದಲರ್ಧದಲ್ಲಿ ನಾಗರಿಕ ಪಡೆ ಇದೆ, ಎರಡನೆಯ ಅರ್ಧದಲ್ಲಿ ಜನರ ಹಕ್ಕು ಇದೆ. ಇನ್ನೂರು ವರ್ಷ ನಡೆದ ಜಗಳವೆಲ್ಲ ಈ ಎರಡು ಅರ್ಧಗಳ ನಂಟು ಏನು ಎಂಬುದರ ಸುತ್ತಲೇ.

ಈ ಹಕ್ಕಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆ ಪ್ರಾಟೆಸ್ಟೆಂಟರು ಆತ್ಮರಕ್ಷಣೆಗೆ ಆಯುಧ ಇಟ್ಟುಕೊಳ್ಳಬಹುದು ಎಂದಿತು. ಆದರೆ ಅವರವರ ಸ್ಥಿತಿಗೆ ತಕ್ಕಂತೆ, ಮತ್ತು ಕಾನೂನು ಒಪ್ಪುವಂತೆ ಎಂದು ಅದೇ ಸಾಲಿನಲ್ಲಿ ಸೇರಿಸಿತು. ಅಂದರೆ ಹಕ್ಕು ಹುಟ್ಟಿದಾಗಲೇ ಅದರ ಅಂಚೂ ಹುಟ್ಟಿತ್ತು. ಅಮೆರಿಕದಲ್ಲೂ ಅಷ್ಟೇ. 1783ರಲ್ಲಿ ಬಾಸ್ಟನ್‌ನಲ್ಲಿ ಗುಂಡು ತುಂಬಿದ ಬಂದೂಕನ್ನು ಮನೆಯೊಳಗೆ ಇಡುವಂತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೆ ಆರಿಸಲು ಬಂದವರು ಸತ್ತಾರು ಎಂಬ ಭಯ ಆ ನಿಯಮದ ಹಿಂದಿತ್ತು. ಎರಡನೇ ತಿದ್ದುಪಡಿ ಬಂದದ್ದು ಇದಾದ ಎಂಟು ವರ್ಷಕ್ಕೆ. ಆಗಿನ ಜನಕ್ಕೆ ಆಯುಧದ ಹಕ್ಕೂ ಗೊತ್ತಿತ್ತು, ಪಕ್ಕದ ಮನೆಯವರ ಜೀವವೂ ಗೊತ್ತಿತ್ತು.

ಈಗ 2008ಕ್ಕೆ ಬನ್ನಿ. ಆ ವರ್ಷದ ಹೆಲರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊದಲ ಸಲ ಸ್ಪಷ್ಟವಾಗಿ ಹೇಳಿತು: ಇದು ನಾಗರಿಕ ಪಡೆಯ ಹಕ್ಕಷ್ಟೇ ಅಲ್ಲ, ಒಬ್ಬೊಬ್ಬ ವ್ಯಕ್ತಿಯ ಹಕ್ಕು. ವಾಷಿಂಗ್ಟನ್ ನಗರ 1970ರ ದಶಕದಿಂದ ಮನೆಯಲ್ಲೂ ಪಿಸ್ತೂಲು ಇಟ್ಟುಕೊಳ್ಳದಂತೆ ನಿಷೇಧಿಸಿತ್ತು. ಬೇರೆ ಬಂದೂಕು ಇದ್ದರೆ ಬಿಡಿಭಾಗ ಕಳಚಿಯೋ ಬೀಗ ಹಾಕಿಯೋ ಇಡಬೇಕಿತ್ತು. ಹಾಗಾದರೆ ನಡುರಾತ್ರಿ ಕಳ್ಳ ನುಗ್ಗಿದಾಗ ಅದು ಯಾವ ಉಪಯೋಗಕ್ಕೆ ಬಂದೀತು? ಕೋರ್ಟ್ ನ್ಯಾಯಮೂರ್ತಿಗಳ 5–4 ಬಹುಮತದಲ್ಲಿ ಆ ನಿಷೇಧವನ್ನು ಹೊಡೆದುಹಾಕಿತು. ಎರಡು ವರ್ಷದ ಮೇಲೆ ಶಿಕಾಗೋದ ಮೆಕ್‌ಡೊನಾಲ್ಡ್ ಪ್ರಕರಣದಲ್ಲಿ ಇದೇ ಹಕ್ಕು ರಾಜ್ಯಗಳನ್ನೂ ಕಟ್ಟಿಹಾಕುತ್ತದೆ ಎಂದಿತು.

ಬಂದೂಕಿನ ಹಕ್ಕಿನ ಪರ ಇರುವವರಿಗೆ ಹೆಲರ್ ತೀರ್ಪು ದೊಡ್ಡ ಗೆಲುವು. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ. ಅವರೇ ಅದರಲ್ಲಿ ಏನು ಬರೆದಿದ್ದಾರೆ ಗೊತ್ತೇ? ಬಹುಪಾಲು ಹಕ್ಕುಗಳ ಹಾಗೆ ಇದೂ ಮಿತಿಯಿಲ್ಲದ ಹಕ್ಕಲ್ಲ ಎಂದು. ಗಂಭೀರ ಅಪರಾಧ ಮಾಡಿದವರ ಬಳಿ ಬಂದೂಕು ಇರಬಾರದು ಎಂಬ ಕಾನೂನು, ಶಾಲೆ ಮತ್ತು ಸರ್ಕಾರಿ ಕಟ್ಟಡಕ್ಕೆ ಬಂದೂಕು ತರಬಾರದು ಎಂಬ ಕಾನೂನು, ಮಾರಾಟದ ಮೇಲಿನ ಷರತ್ತುಗಳು, ಇವಕ್ಕೆ ತೀರ್ಪಿನಿಂದ ಧಕ್ಕೆ ಇಲ್ಲ ಎಂದರು. ನಿಮ್ಮ ಎದುರಾಳಿಗಳು ಮಿತಿ ಇದ್ದರೆ ಹಕ್ಕೇ ಅಲ್ಲ ಎನ್ನುವುದಾದರೆ, ಆ ಹಕ್ಕನ್ನು ಅವರಿಗೆ ಗೆದ್ದುಕೊಟ್ಟ ತೀರ್ಪಿನ ಜೊತೆಗೇ ಅವರು ಜಗಳ ಆಡಬೇಕಾಗುತ್ತದೆ.

ಆದರೆ ಇಲ್ಲಿಗೆ ಗೆದ್ದೆ ಅಂತ ಕೂರಬೇಡಿ. "ಎಲ್ಲ ಹಕ್ಕಿಗೂ ಮಿತಿ ಇದೆ" ಎಂಬ ಮಾತು ತುಂಬ ಅಪಾಯದ ಮಾತು. ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಕಿಕ್ಕಿರಿದ ನಾಟಕಶಾಲೆಯಲ್ಲಿ "ಬೆಂಕಿ, ಬೆಂಕಿ" ಎಂದು ಸುಳ್ಳು ಕೂಗಿ ನೂಕುನುಗ್ಗಲು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ವಾಕ್ ಸ್ವಾತಂತ್ರ್ಯಕ್ಕೂ ಮಿತಿ ಇದೆ ಎನ್ನಲು ಎಲ್ಲರೂ ಇದನ್ನೇ ಎತ್ತುತ್ತಾರೆ. ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಒಮ್ಮೆ ವಿದ್ಯಾರ್ಥಿಯೊಬ್ಬ, "ಸರ್, ಆ ಕೇಸಿನಲ್ಲಿ ನಿಜಕ್ಕೂ ಯಾರು ಏನು ಕೂಗಿದ್ದರು?" ಎಂದು ಕೇಳಿದ. ಕೂಗಿದವರು ಯಾರೂ ಇರಲಿಲ್ಲ. ಅದು 1919ರ ಶೆಂಕ್ ಪ್ರಕರಣ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವುದರ ವಿರುದ್ಧ ಕರಪತ್ರ ಹಂಚಿದ ಸಮಾಜವಾದಿ ಪಕ್ಷದ ಕಾರ್ಯದರ್ಶಿಯೊಬ್ಬರ ಕೇಸು. ಬೆಂಕಿಯ ಹೋಲಿಕೆ ಕೊಟ್ಟು ನ್ಯಾಯಮೂರ್ತಿ ಹೋಮ್ಸ್ ಆ ಮನುಷ್ಯನ ಶಿಕ್ಷೆಯನ್ನು ಎತ್ತಿಹಿಡಿದರು. ಒಂದು ಕರಪತ್ರಕ್ಕೆ ಜೈಲು! ಹೋಲಿಕೆ ಸಮಂಜಸವಾಗಿತ್ತು, ಅದು ಕಾಪಾಡಿದ ಮಿತಿ ಸಮಂಜಸವಾಗಿರಲಿಲ್ಲ. ಆ ಕಾಲದ ಧೋರಣೆಯನ್ನು ಕೋರ್ಟ್ ಪೂರ್ತಿ ಕೈಬಿಟ್ಟದ್ದು 1969ರ ಬ್ರಾಂಡನ್‌ಬರ್ಗ್ ತೀರ್ಪಿನಲ್ಲಿ. ಐವತ್ತು ವರ್ಷ ಹಿಡಿಯಿತು.

ಆದ್ದರಿಂದ, ಮಿತಿ ಇರಬಹುದು ಎಂದ ಮಾತ್ರಕ್ಕೆ ಈ ಮಿತಿ ಸರಿ ಎಂದಾಗುವುದಿಲ್ಲ. ನಿಮ್ಮ ಎದುರಾಳಿಗಳ ಭಯಕ್ಕೆ ಬುಡ ಇದೆ. ಬಂದೂಕಿನ ವಿಷಯದಲ್ಲಿ ಆ ಬುಡ ಇನ್ನೂ ಆಳವಾಗಿದೆ.

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯ ಒಂದು ಕಾನೂನು ತಂದಿತು. ಬಿಡುಗಡೆಯಾದ ಕಪ್ಪು ಜನರು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಂಡಳಿಯ ಲೈಸೆನ್ಸ್ ಇಲ್ಲದೆ ಯಾವ ಬಂದೂಕನ್ನೂ, ಮದ್ದುಗುಂಡನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಮಂಡಳಿಯಲ್ಲಿ ಕೂತವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಲೈಸೆನ್ಸ್ ಎಂಬ ಪದ ಅಲ್ಲಿ ಸುರಕ್ಷತೆಗೆ ಬಂದದ್ದಲ್ಲ. ರಾತ್ರಿ ಮನೆಗೆ ನುಗ್ಗುವವರ ಎದುರು ಒಂದಿಡೀ ಜನಾಂಗವನ್ನು ಬರಿಗೈಯಲ್ಲಿ ನಿಲ್ಲಿಸಲು ಬಂದದ್ದು.

1956ರ ಜನವರಿಯಲ್ಲಿ ಅಲಬಾಮಾದ ಮಾಂಟ್‌ಗಮೆರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದರು. ಹೆಂಡತಿ ಮತ್ತು ಹಸುಗೂಸು ಮನೆಯೊಳಗಿದ್ದರು. ಕಿಂಗ್ ಬಂದೂಕು ಒಯ್ಯಲು ಅನುಮತಿ ಕೇಳಿ ಅರ್ಜಿ ಹಾಕಿದರು. ಅಧಿಕಾರಿಗಳು ಕೊಡಲಿಲ್ಲ. ಕೊಡುವುದು ಬಿಡುವುದು ಅವರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ದೇಶದಲ್ಲೇ ಅತಿ ಹೆಚ್ಚು ಬೆದರಿಕೆ ಇದ್ದ ಮನುಷ್ಯರಲ್ಲಿ ಒಬ್ಬರು ಅವರು. ಅವರ ಅರ್ಜಿಗೇ ಕಾರಣ ಸಾಲದು ಎಂದಾದರೆ ಇನ್ಯಾರ ಅರ್ಜಿಗೆ ಸಾಲುತ್ತದೆ? ಅವರು ಮುಂದೆ ಆಯುಧದ ದಾರಿಯನ್ನೇ ಬಿಟ್ಟರು. ಅದು ಅವರ ಮನಸ್ಸಿನ ದೊಡ್ಡತನ. ಅರ್ಜಿ ತಿರಸ್ಕರಿಸಿದವರಿಗೆ ಅದರ ಶ್ರೇಯಸ್ಸು ಸಲ್ಲುವುದಿಲ್ಲ.

1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು. ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಪೊಲೀಸರ ದೌರ್ಜನ್ಯದ ಮೇಲೆ ಕಣ್ಣಿಡಲು ಬಂದೂಕು ಹಿಡಿದು ಬೀದಿಗಿಳಿದರು. ಆಗಿನ ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಗುಂಡು ತುಂಬಿದ ಬಂದೂಕನ್ನು ಬೀದಿಯಲ್ಲಿ ಒಯ್ಯಬಾರದು ಎಂಬ ಮಲ್ಫರ್ಡ್ ಕಾಯ್ದೆ ತಕ್ಷಣ ಬಂತು. ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್. ನಿಯಮವನ್ನು ಮಾತ್ರ ನೋಡಿದರೆ ಅದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಯಾರ ಕೈಗೆ ಬಂದೂಕು ಬಂದಾಗ ಆ ನಿಯಮ ನೆನಪಾಯಿತು ಎಂಬುದನ್ನು ಮರೆಯಬಾರದು. ಬೇಲಿಯೇ ಎದ್ದು ಹೊಲ ಮೇಯುವುದು ಹೀಗೆಯೇ.

ಇದನ್ನೆಲ್ಲ ಇಷ್ಟು ಹೊತ್ತು ಹೇಳಿದ್ದು ಯಾಕೆ ಅಂದರೆ, ನೀವು ಸ್ಪರ್ಧೆಯಲ್ಲಿ ಇದನ್ನು ಹೇಳಿರಲಿಕ್ಕಿಲ್ಲ. ಮಿತಿಯ ಪರ ನಿಂತವರು ಸಾಮಾನ್ಯವಾಗಿ ಈ ಚರಿತ್ರೆಯನ್ನು ಎದುರಾಳಿಗಳಿಗೆ ಬಿಟ್ಟುಕೊಡುತ್ತಾರೆ. ಬಿಟ್ಟುಕೊಡಬೇಡಿ. ಈ ಮೂರು ಘಟನೆಗಳಲ್ಲಿ ಕೆಟ್ಟದ್ದು ಏನಿತ್ತು ಎಂದು ಕೇಳಿ. ಮೊದಲನೆಯದರಲ್ಲಿ ಕಾನೂನು ಎಲ್ಲರಿಗೂ ಒಂದೇ ಆಗಿರಲಿಲ್ಲ. ಎರಡನೆಯದರಲ್ಲಿ ಅಧಿಕಾರಿ ಕಾರಣ ಕೊಡಬೇಕಿರಲಿಲ್ಲ. ಮೂರನೆಯದರಲ್ಲಿ ಕಾನೂನು ಒಂದು ಗುಂಪಿನ ಮೇಲಿನ ಸಿಟ್ಟಿಗೆ ಹುಟ್ಟಿತು. ನಿಯಮ ಇದ್ದದ್ದೇ ತಪ್ಪು ಎಂದು ಈ ಯಾವುದೂ ಹೇಳುವುದಿಲ್ಲ. ಕೆಟ್ಟ ನಿಯಮವನ್ನು ಗುರುತಿಸುವುದು ಹೇಗೆ ಎಂದು ಮೂರೂ ಹೇಳುತ್ತವೆ.

ಅನುಮತಿಯ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. 2022ರ ಬ್ರೂಯೆನ್ ಪ್ರಕರಣ ನೋಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಮನೆಯಿಂದಾಚೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಬೇಕಿದ್ದರೆ "ತಕ್ಕ ಕಾರಣ" ತೋರಿಸಬೇಕಿತ್ತು. ಸುಮ್ನೆ ಆತ್ಮರಕ್ಷಣೆಗೆ ಎಂದರೆ ಸಾಲದು, ಉಳಿದವರಿಗಿಲ್ಲದ ಅಪಾಯ ನಿಮಗಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ಸುಪ್ರೀಂ ಕೋರ್ಟ್ 6–3ರಲ್ಲಿ ಇದನ್ನು ತೆಗೆದುಹಾಕಿತು. ಆದರೆ ಲೈಸೆನ್ಸ್ ಪದ್ಧತಿಯನ್ನೇ ತೆಗೆಯಲಿಲ್ಲ. ಬರೆದಿಟ್ಟ ಷರತ್ತುಗಳನ್ನು, ಉದಾಹರಣೆಗೆ ಹಿನ್ನೆಲೆ ತಪಾಸಣೆ, ತರಬೇತಿ, ಇಂಥವನ್ನು ಪೂರೈಸಿದವರಿಗೆಲ್ಲ ಲೈಸೆನ್ಸ್ ಕೊಡಲೇಬೇಕು ಎನ್ನುವ ರಾಜ್ಯಗಳ ಪದ್ಧತಿಯನ್ನು ಹಾಗೇ ಬಿಟ್ಟಿತು. ಮತದಾನ ಹಕ್ಕಲ್ಲವೇ? ಆದರೂ ಪಟ್ಟಿಯಲ್ಲಿ ಹೆಸರು ಇರಬೇಕು, ವಯಸ್ಸು ಆಗಿರಬೇಕು. ಷರತ್ತು ಪೂರೈಸಿದ ಮೇಲೆ ಅಧಿಕಾರಿ "ಇಲ್ಲ" ಎನ್ನುವಂತಿಲ್ಲ. ಹಕ್ಕಿಗೂ ಸವಲತ್ತಿಗೂ ಇರುವ ವ್ಯತ್ಯಾಸ ಇಷ್ಟೇ. ಅರ್ಜಿ ಇದೆಯೋ ಇಲ್ಲವೋ ಎಂಬುದಲ್ಲ, "ಇಲ್ಲ" ಎಂದಾಗ ಕಾರಣ ಕೊಡಬೇಕಾದವರು ಯಾರು ಎಂಬುದು.

ಇನ್ನು "ಯಾರ ಪ್ರಕಾರ ಸಮಂಜಸ" ಎಂಬ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ. ಆದರೆ ಇದಕ್ಕೆ ಉತ್ತರವೇ ಇಲ್ಲ ಎಂಬಂತೆ ಕೇಳುವುದು ಸರಿಯಲ್ಲ. ಲೋಕದ ಎಷ್ಟೋ ಕೋರ್ಟುಗಳು ಇದಕ್ಕೆ ಕೂತು ಉತ್ತರ ಬರೆದಿವೆ.

ಕೆನಡಾದ 1982ರ ಹಕ್ಕುಗಳ ಸನ್ನದಿನ ಮೊದಲ ಕಲಮಿನಲ್ಲೇ ಈ ಮಾತಿದೆ: ಹಕ್ಕುಗಳಿಗೆ ಹಾಕುವ ಮಿತಿ ಕಾನೂನಿನಲ್ಲಿ ಬರೆದಿರಬೇಕು, ಸಮಂಜಸವಾಗಿರಬೇಕು, ಸ್ವತಂತ್ರ ಪ್ರಜಾಪ್ರಭುತ್ವದಲ್ಲಿ ಅದನ್ನು ಸಮರ್ಥಿಸಿ ತೋರಿಸಲು ಆಗಬೇಕು. ತೋರಿಸಬೇಕಾದವರು ಸರ್ಕಾರದವರು. 1986ರ ಓಕ್ಸ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಪ್ರಶ್ನೆಗಳಾಗಿ ಒಡೆಯಿತು. ಉದ್ದೇಶ ಹಕ್ಕನ್ನು ಮೊಟಕು ಮಾಡುವಷ್ಟು ದೊಡ್ಡದೇ? ಹಿಡಿದ ದಾರಿಗೂ ಆ ಉದ್ದೇಶಕ್ಕೂ ಸಂಬಂಧ ಇದೆಯೇ? ಇದಕ್ಕಿಂತ ಕಡಿಮೆ ಕತ್ತರಿಸುವ ದಾರಿ ಇತ್ತೇ? ಕೊನೆಗೆ, ಆಗುವ ಲಾಭ ಆಗುವ ನಷ್ಟಕ್ಕೆ ತಕ್ಕದ್ದೇ?

ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬಾರದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಆ ಪ್ರಶ್ನೆಗಳ ಮುಖ್ಯ ತಿರುಳು ಅದೇ. ಭಾರತದ ಸುಪ್ರೀಂ ಕೋರ್ಟ್ 1950ರಲ್ಲೇ, ಚಿಂತಾಮಣ ರಾವ್ ಪ್ರಕರಣದಲ್ಲಿ, ಇದನ್ನು ಬಹಳ ಸ್ಪಷ್ಟವಾಗಿ ಹೇಳಿತ್ತು. ಹೊಲದ ಕೆಲಸದ ದಿನಗಳಲ್ಲಿ ಕೂಲಿಗಳು ಸಿಗಲಿ ಎಂದು ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಬೀಡಿ ಕಟ್ಟುವುದನ್ನೇ ನಿಷೇಧಿಸಿದ್ದರು. ಉದ್ದೇಶ ಸರಿ ಇತ್ತು. ಆದರೆ ಹೊಲದ ಕೆಲಸ ಮಾಡಲಾಗದ ಮುದುಕರು, ಅಶಕ್ತರು ಕೂಡ ಬೀಡಿ ಕಟ್ಟಿ ಹೊಟ್ಟೆ ಹೊರೆಯುವಂತಿರಲಿಲ್ಲ. ಉದ್ದೇಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕಸಿದುಕೊಂಡರೆ ಅದು ಸಮಂಜಸವಲ್ಲ ಎಂದು ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಬೀಡಿಗೂ ಬಂದೂಕಿಗೂ ಹೋಲಿಕೆ ಇಲ್ಲದಿರಬಹುದು, ಅಳೆಯುವ ಕೋಲು ಒಂದೇ.

ಅಮೆರಿಕದ ಸುಪ್ರೀಂ ಕೋರ್ಟ್ ಈ ಅಳತೆಗೋಲನ್ನು ಬಂದೂಕಿನ ವಿಷಯದಲ್ಲಿ ಬೇಡ ಎಂದಿದೆ. ಬ್ರೂಯೆನ್ ತೀರ್ಪಿನ ಪ್ರಕಾರ, ಲಾಭ ನಷ್ಟ ತೂಗಬಾರದು. ಇವತ್ತಿನ ಕಾನೂನಿಗೆ ಹೋಲುವ ಕಟ್ಟುಪಾಡು ದೇಶದ ಚರಿತ್ರೆಯಲ್ಲಿ ಇತ್ತು ಎಂದು ಸರ್ಕಾರ ತೋರಿಸಬೇಕು. ನ್ಯಾಯಾಧೀಶರ ಇಷ್ಟಾನಿಷ್ಟಕ್ಕೆ ಹಕ್ಕು ಬಲಿಯಾಗಬಾರದು ಎಂಬ ಕಾಳಜಿ ಇದರ ಹಿಂದಿದೆ, ಅದನ್ನು ಗೌರವಿಸುತ್ತೇನೆ. ಆದರೆ ದಾರಿ ತಪ್ಪು ಎನ್ನುವುದು ನನ್ನ ಅಭಿಪ್ರಾಯ. 1791ರಲ್ಲಿ ಹೆಂಡತಿಯನ್ನು ಹೊಡೆಯುವ ಗಂಡನ ಬಂದೂಕನ್ನು ಕಸಿದುಕೊಳ್ಳುವ ಕಾನೂನು ಇರಲಿಲ್ಲ. ಯಾಕೆ ಇರಲಿಲ್ಲ? ಅದು ಅಸಾಂವಿಧಾನಿಕ ಎಂದು ಆಗಿನವರು ಯೋಚಿಸಿ ಬಿಟ್ಟದ್ದೇ? ಅಲ್ಲ. ಹೆಂಗಸಿನ ಜೀವಕ್ಕೆ ಆಗ ಅಷ್ಟು ಬೆಲೆ ಇರಲಿಲ್ಲ. ಒಂದು ಕಾಲದ ಕುರುಡುತನವನ್ನು ಇನ್ನೊಂದು ಕಾಲಕ್ಕೆ ಕಾನೂನಾಗಿ ಹೇರುವುದು ಹೇಗೆ ಸರಿ?

ಈ ಪ್ರಶ್ನೆ ಕೋರ್ಟಿನ ಮುಂದೆ ಬಂದೇ ಬಂತು. 2024ರ ರಹೀಮಿ ಪ್ರಕರಣ. ಕೌಟುಂಬಿಕ ಹಿಂಸೆಯ ಕಾರಣಕ್ಕೆ ಕೋರ್ಟಿನ ರಕ್ಷಣಾ ಆದೇಶ ಯಾರ ಮೇಲಿದೆಯೋ ಅವರು ಆ ಅವಧಿಯಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುವ 1994ರ ಕಾನೂನೊಂದಿದೆ. ಕೆಳಗಿನ ಮೇಲ್ಮನವಿ ಕೋರ್ಟ್, ಇಂಥದ್ದು ಹಳೆಯ ಕಾಲದಲ್ಲಿ ಇರಲಿಲ್ಲ ಎಂದು ಅದನ್ನು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ 8–1ರಲ್ಲಿ ಕಾನೂನನ್ನು ಉಳಿಸಿತು. ಚರಿತ್ರೆಯಲ್ಲಿ ಅಚ್ಚೊತ್ತಿದ ಅವಳಿಯನ್ನು ಹುಡುಕಬೇಡಿ, ಅದರ ತತ್ವವನ್ನು ಹುಡುಕಿ ಎಂದರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಇನ್ನೊಬ್ಬರ ಜೀವಕ್ಕೆ ನಂಬುವಂಥ ಬೆದರಿಕೆ ಎಂದು ಕೋರ್ಟೇ ಕಂಡುಕೊಂಡವರಿಂದ ತಾತ್ಕಾಲಿಕವಾಗಿ ಬಂದೂಕು ದೂರ ಇಡಬಹುದು ಎಂಬ ತತ್ವ ಹಿಂದಿನಿಂದಲೂ ಇದೆ ಎಂದರು. ಈ ಮಿತಿ ಯಾಕೆ ಗಟ್ಟಿ ನೋಡಿ. ನೋಟಿಸ್ ಇದೆ, ವಿಚಾರಣೆ ಇದೆ, ನ್ಯಾಯಾಧೀಶರು ಕಾರಣ ಬರೆಯುತ್ತಾರೆ, ಅವಧಿ ಮುಗಿದರೆ ಹಕ್ಕು ಮರಳುತ್ತದೆ. ಮಿಸಿಸಿಪ್ಪಿಯ ಮಂಡಳಿಗೂ ಇದಕ್ಕೂ ಅಜಗಜಾಂತರ.

ಇದೇ ಕಣ್ಣಿನಿಂದ ಉಳಿದ ಮಿತಿಗಳನ್ನೂ ನೋಡಬಹುದು. ಹಿನ್ನೆಲೆ ತಪಾಸಣೆ ನನಗೆ ಅತಿ ಸುಲಭದ ಪ್ರಶ್ನೆ. ಯಾರ ಬಳಿ ಬಂದೂಕು ಇರಬಾರದು ಎಂದು ಕಾನೂನು ಹೇಳುತ್ತದೋ ಅವರನ್ನು ಅಂಗಡಿಯಲ್ಲೇ ಗುರುತಿಸಲು ಅದು ಬೇಕು. ಲೈಸೆನ್ಸ್ ಇರುವ ವ್ಯಾಪಾರಿಗಳಿಗೆ 1993ರ ಬ್ರೇಡಿ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ಮಾರಿದರೆ ಒಕ್ಕೂಟದ ಕಾನೂನಿನಲ್ಲಿ ತಪಾಸಣೆ ಕಡ್ಡಾಯವಲ್ಲ. ಇನ್ನೊಂದು ಸಂದೂ ಇದೆ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ವ್ಯಾಪಾರಿ ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಮಂದಿಯನ್ನು ಕೊಂದವನ ಕೈಗೆ ಬಂದೂಕು ಸಿಕ್ಕಿದ್ದು ಆ ಸಂದಿನಿಂದ. ತಪಾಸಣೆ ಮುಗಿದಿರಲಿಲ್ಲ, ಗಡುವು ಮುಗಿದಿತ್ತು. ಇಲ್ಲಿ ಕೂಡ ನ್ಯಾಯವಾಗಿ ಯೋಚಿಸಿ. ಗಡುವೇ ಬೇಡ ಎಂದರೆ ಸರ್ಕಾರ ಅರ್ಜಿಯನ್ನು ವರ್ಷಗಟ್ಟಲೆ ಎಳೆದು ಹಕ್ಕನ್ನು ಸದ್ದಿಲ್ಲದೆ ಸಾಯಿಸಬಹುದು. ಗಡುವು ಬೇಕು, ಮೂರು ದಿನ ಸಾಲದು ಎನ್ನುವುದು ನನ್ನ ನಿಲುವು.

ಅಪಾಯದ ಸೂಚನೆ ಕಂಡಾಗ ಕೋರ್ಟಿನ ಆದೇಶದ ಮೇಲೆ ಸ್ವಲ್ಪ ಕಾಲ ಬಂದೂಕು ತೆಗೆದಿಡುವ ಕಾನೂನುಗಳ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಎಚ್ಚರವೂ ಇದೆ. ಕನೆಕ್ಟಿಕಟ್ 1999ರಲ್ಲಿ ಶುರುಮಾಡಿತು, ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿವೆ. ಮೊದಲ ಆದೇಶ ಹೆಚ್ಚಾಗಿ ಒಬ್ಬರ ಮಾತು ಮಾತ್ರ ಕೇಳಿ ಬರುತ್ತದೆ. ಆದ್ದರಿಂದ ಪೂರ್ತಿ ವಿಚಾರಣೆ ಕೆಲವೇ ದಿನಗಳಲ್ಲಿ ಆಗಲೇಬೇಕು. ಅದು ತಡವಾದರೆ ನಾನು ನಿಮ್ಮ ಎದುರಾಳಿಗಳ ಪಕ್ಕ ನಿಲ್ಲುತ್ತೇನೆ.

ಈ ಚರ್ಚೆಯಲ್ಲಿ ಬಹಳ ಜನ ಎತ್ತದ ವಿಷಯ ಒಂದಿದೆ. ನನ್ನನ್ನು ಅತಿ ಹೆಚ್ಚು ಕಾಡುವುದೂ ಅದೇ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅದರಲ್ಲಿ 26,328 ಆತ್ಮಹತ್ಯೆಗಳು. ಅರ್ಧಕ್ಕಿಂತ ಹೆಚ್ಚು. ನಾವು ಕಳ್ಳರು, ಕೊಲೆಗಾರರು, ದಬ್ಬಾಳಿಕೆಯ ಸರ್ಕಾರ ಎಂದು ವಾದಿಸುತ್ತಿರುವಾಗ, ಹೆಚ್ಚಿನ ಬಂದೂಕು ಸಾವುಗಳು ಯಾವ ಕಳ್ಳನೂ ಬಾರದ ಮನೆಗಳಲ್ಲಿ, ಯಾರಿಗೂ ತಿಳಿಸದ ಸಂಕಟದಲ್ಲಿ ಆಗುತ್ತಿವೆ. ಸಾಯಬೇಕೆಂಬ ತೀವ್ರ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಪ್ರಯತ್ನಿಸಿ ಬದುಕುಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಬಂದೂಕು ಮಾತ್ರ ಆ ಎರಡನೇ ಅವಕಾಶವನ್ನು ಬಹುತೇಕ ಕೊಡುವುದೇ ಇಲ್ಲ.

ಇಸ್ರೇಲಿನ ಸೈನ್ಯ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ವಾರಾಂತ್ಯದ ರಜೆಗೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಎಂದಿತು. ಯಾರ ಹಕ್ಕನ್ನೂ ಶಾಶ್ವತವಾಗಿ ಕಸಿಯಲಿಲ್ಲ. ಸೈನಿಕರ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದಲ್ಲೇ. ಎರಡು ದಿನ ಬಂದೂಕು ಕೈಗೆ ಸಿಗದ್ದಕ್ಕೆ ಇಷ್ಟು ಜೀವ ಉಳಿಯುವುದಾದರೆ, ಬಂದೂಕನ್ನು ಬೀಗ ಹಾಕಿ ಇಡಿ ಎಂಬ ನಿಯಮವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹೆಲರ್ ತೀರ್ಪಿನ ಆಕ್ಷೇಪ ನೆನಪಿದೆ ತಾನೆ? ಬೀಗ ಇದ್ದರೆ ಆತ್ಮರಕ್ಷಣೆ ಹೇಗೆ? ಅದಕ್ಕೆ ನನ್ನ ಉತ್ತರ: ಮನೆಯೊಡೆಯನ ಕೈಗೆ ಬೇಗ ತೆರೆಯುವ, ಮಗುವಿನ ಕೈಗೆ ತೆರೆಯದ ಪೆಟ್ಟಿಗೆಗಳಿವೆ. ಹಕ್ಕನ್ನು ಕಡಿಮೆ ಕತ್ತರಿಸುವ ದಾರಿ ಅಂದರೆ ಇದೇ.

ಇನ್ನು ಜಾರುವ ದಾರಿಯ ವಾದ. ಇವತ್ತು ಬಂದೂಕು, ನಾಳೆ ಮಾತು. ಇದಕ್ಕೆ ದೇಶಗಳ ಅನುಭವ ನೋಡಬಹುದು. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಕೊಲೆಯಾದರು. ಎರಡೇ ವಾರದೊಳಗೆ ಪ್ರಧಾನಿ ಜಾನ್ ಹೋವರ್ಡ್ ಎಲ್ಲ ರಾಜ್ಯಗಳನ್ನು ಒಪ್ಪಿಸಿದರು. ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ಕೊಂಡಿತು. ಒಪ್ಪಿಸುವುದು ಕಡ್ಡಾಯವಾಗಿತ್ತು, ಆದರೆ ಪುಕ್ಕಟೆ ಕಸಿದುಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ಆಸ್ತಿ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕು ಎಂದು ಅಲ್ಲಿನ ಸಂವಿಧಾನದಲ್ಲಿದೆ, ಅದಕ್ಕಾಗಿ ಒಂದು ವರ್ಷ ತೆರಿಗೆ ಏರಿಸಿದರು. ನ್ಯೂಜಿಲೆಂಡಿನಲ್ಲಿ 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಮಂದಿಯ ಹತ್ಯೆಯಾದ ಮೇಲೆ ಸಂಸತ್ತು 119–1ರಲ್ಲಿ ಕಾನೂನು ಬದಲಿಸಿತು. ಈ ಎರಡು ದೇಶಗಳಲ್ಲಿ ಚುನಾವಣೆ ನಿಲ್ಲಲಿಲ್ಲ, ಸರ್ಕಾರವನ್ನು ಬೈಯುವ ಪತ್ರಿಕೆಗಳು ಮುಚ್ಚಲಿಲ್ಲ. ಆದರೆ ಈ ಉದಾಹರಣೆಯನ್ನು ಎಳೆದು ಉದ್ದ ಮಾಡಬೇಡಿ. ಆ ಎರಡು ಕಡೆ ಬಂದೂಕು ಸಾಂವಿಧಾನಿಕ ಹಕ್ಕಲ್ಲ. ಅಮೆರಿಕದಲ್ಲಿ ಹಕ್ಕು. ಆ ದೇಶಗಳಲ್ಲಿ ಮಾಡಿದ್ದನ್ನು ಅಮೆರಿಕದಲ್ಲೂ ಹಾಗೇ ಮಾಡಿ ಎಂದರೆ ಕಾನೂನು ಬಲ್ಲ ಎದುರಾಳಿ ನಿಮ್ಮನ್ನು ಅಲ್ಲೇ ಹಿಡಿಯುತ್ತಾರೆ.

ಬಂದೂಕನ್ನು ಮೂಲಭೂತ ಹಕ್ಕಾಗಿ ಬರೆಯಬೇಕೇ ಎಂಬ ಚರ್ಚೆ ಭಾರತದ ಸಂವಿಧಾನ ಸಭೆಯಲ್ಲೂ ಆಗಿತ್ತು ಎಂಬುದು ನಿಮಗೆ ಉಪಯೋಗಕ್ಕೆ ಬರಬಹುದು. 1878ರ ಶಸ್ತ್ರ ಕಾಯ್ದೆಯಿಂದ ಬ್ರಿಟಿಷರು ಭಾರತೀಯರನ್ನು ನಿರಾಯುಧರನ್ನಾಗಿ ಮಾಡಿದ್ದರು. ಆ ಗಾಯ ಹಸಿಯಾಗಿತ್ತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಸೇರಿತ್ತು. 1948ರ ಡಿಸೆಂಬರ್‌ನಲ್ಲಿ ಸಭೆಯ ಸದಸ್ಯ ಎಚ್‌.ವಿ. ಕಾಮತ್ ಅದನ್ನು ಸಂವಿಧಾನಕ್ಕೆ ಸೇರಿಸಲು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಇದನ್ನು ಮೂಲಭೂತ ಹಕ್ಕು ಮಾಡಿದರೆ ಕಳ್ಳಕಾಕರೂ ಅದನ್ನೇ ಹಿಡಿದು ಬರುತ್ತಾರೆ ಎಂಬುದು ಅವರ ತಕರಾರಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಇಬ್ಬರೂ ಸ್ವಾತಂತ್ರ್ಯವನ್ನು ಪ್ರೀತಿಸಿದವರೇ. ಒಬ್ಬರಿಗೆ ಹಿಂದಿನ ಸರ್ಕಾರ ಕಣ್ಣಮುಂದಿತ್ತು, ಇನ್ನೊಬ್ಬರಿಗೆ ನಾಳೆಯ ಹಳ್ಳಿಗಳಲ್ಲಿ ದುರ್ಬಲರ ಮೇಲೆ ಯಾರು ಬಂದೂಕು ಎತ್ತಿಯಾರು ಎಂಬುದು ಕಣ್ಣಮುಂದಿದ್ದಿರಬೇಕು ಎಂದು ನನಗೆ ಅನಿಸುತ್ತದೆ.

ಮುಂದಿನ ಸಲ "ಯಾರ ಪ್ರಕಾರ ಸಮಂಜಸ" ಎಂದು ಕೇಳಿದರೆ, ನೀವೇ ತಿರುಗಿ ಒಂದು ಕಾನೂನನ್ನು ಹೆಸರಿಸಿ ಕೇಳಿ. "ಹೆಂಡತಿಯನ್ನು ಕೊಲ್ಲುತ್ತೇನೆ ಎಂದವನ ಬಂದೂಕನ್ನು ಕೋರ್ಟ್ ತೆಗೆದಿಡಬಹುದೇ?" ಬೇಡ ಎಂದರೆ ಸಭೆ ಅವರ ಜೊತೆ ಇರುವುದಿಲ್ಲ. ಸರಿ ಎಂದರೆ ಅವರೂ ಮಿತಿಯನ್ನು ಒಪ್ಪಿದ ಹಾಗಾಯಿತು. ಆಮೇಲೆ ಉಳಿಯುವುದು ಯಾವ ಮಿತಿ, ಎಷ್ಟು, ಯಾವ ಪುರಾವೆಯ ಮೇಲೆ ಎಂಬ ಮಾತು. ಅಲ್ಲಿ ನೀವಿಬ್ಬರೂ ಒಂದೇ ಮೇಜಿನಲ್ಲಿ ಕೂತಿರುತ್ತೀರಿ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ರಹೀಮಿ ತೀರ್ಪನ್ನು ಪೂರ್ತಿ ಓದಿ. ಅದರಲ್ಲೂ ಒಬ್ಬರೇ ಒಪ್ಪದೆ ಉಳಿದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ಭಿನ್ನಮತವನ್ನು ಮೊದಲು ಓದಿ. ಬ್ರೂಯೆನ್ ತೀರ್ಪನ್ನು ಬರೆದವರೂ ಅವರೇ. ಅಪರಾಧ ಸಾಬೀತಾಗುವ ಮುಂಚೆಯೇ ಒಬ್ಬನ ಹಕ್ಕನ್ನು ತೆಗೆಯುವುದು ಎಷ್ಟು ಗಂಭೀರ ಎಂದು ಅವರು ಹೇಳುವುದಕ್ಕೆ ನಿಮ್ಮದೇ ಮಾತಿನಲ್ಲಿ ಒಂದು ಪುಟ ಉತ್ತರ ಬರೆಯಿರಿ. ಬರೆದು ನನಗೂ ಕಳಿಸಿ, ಖಂಡಿತ ಓದುತ್ತೇನೆ.